ಮೂರು ಮಳೆಗಾಲ ಮೂಲೆಯಲ್ಲಿದ್ದ ಟ್ಯೂಬ್ ಆಂಪ್: ಗುಂಯ್ ಶಬ್ದ, ಚರಚರ, ಆಗಾಗ ದನಿಯೇ ಮಾಯ. ಎಲ್ಲಿಂದ ಶುರು ಮಾಡಲಿ?

ಮುಳ್ಳೇರಿಯ ಗಿಟಾರು · ಏಪ್ರಿಲ್, ಶನಿವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಪೂರ್ತಿ ಓದಿ ಹೇಳಿ. ಟ್ಯೂಬ್ ಆಂಪ್ (ಗಾಜಿನ ಟ್ಯೂಬುಗಳಿಂದ ಓಡುವ ಗಿಟಾರ್ ಆಂಪ್ಲಿಫೈಯರ್) ರಿಪೇರಿಯ ಬಗ್ಗೆ ಇಂಗ್ಲಿಷಿನಲ್ಲಿ ಬೇಕಾದಷ್ಟು ವಿಡಿಯೋ ಉಂಟು, ಮಲಯಾಳದಲ್ಲಿಯೂ ಕೆಲವು ಸಿಕ್ಕಿದವು. ಕನ್ನಡದಲ್ಲಿ ಹುಡುಕಿದೆ, ನನಗೆ ಒಂದೂ ಸಿಗಲಿಲ್ಲ. ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ.

ಗಲ್ಫಿನಲ್ಲಿ ಕೆಲಸದಲ್ಲಿದ್ದಾಗ 15 ವಾಟಿನ ಒಂದು ಆಂಪ್ ತೆಗೆದುಕೊಂಡಿದ್ದೆ. 12 ಇಂಚಿನ ಒಂದು ಸ್ಪೀಕರ್ ಅದರೊಳಗೇ ಉಂಟು. ಹಿಂದೆ ಉದ್ದದ ಎರಡು ಇಎಲ್84 ಟ್ಯೂಬ್, ಗಿಡ್ಡದ ಮೂರು 12ಎಎಕ್ಸ್7. ರಜೆಗೆ ಬಂದಾಗ ಮನೆಗೆ ತಂದು ಇಟ್ಟೆ, ವಾಪಸ್ ಹೋದೆ. ಮೂರು ಮಳೆಗಾಲ ಅದು ಮುರಕಲ್ಲಿನ ಗೋಡೆಗೆ ತಾಗಿಕೊಂಡು ಹಾಗೇ ಕೂತಿತ್ತು. ಧೂಳು ಬೀಳಬಾರದು ಅಂತ ಅಮ್ಮ ಅದಕ್ಕೆ ಪ್ಲಾಸ್ಟಿಕ್ ಹೊದೆಸಿ ಗಟ್ಟಿಯಾಗಿ ಕಟ್ಟಿಟ್ಟಿದ್ದರು. ಈಗ ನಾನು ಪೂರ್ತಿಯಾಗಿ ಊರಿಗೆ ಬಂದಿದ್ದೇನೆ. ಹೋದ ವಾರ ತೆಗೆದು ಆನ್ ಮಾಡಿದೆ. ಆದದ್ದು ಇಷ್ಟು:

ವಾಲ್ಯೂಮ್ ಸೊನ್ನೆಗೆ ತಿರುಗಿಸಿದರೂ ಗುಂಯ್ ಅಂತ ಬರುತ್ತದೆ. ಗಿಟಾರ್ ಸಿಕ್ಕಿಸಿ ವಾಲ್ಯೂಮ್ ಏರಿಸಿದರೆ ಇನ್ನೊಂದು ಜಾತಿಯ ಗುಂಯ್ ಬಂದು ಸೇರಿಕೊಳ್ಳುತ್ತದೆ, ತಂತಿ ಮುಟ್ಟಿದರೆ ಅದು ಬದಲಾಗುತ್ತದೆ. ನಡುನಡುವೆ ಚರಚರ ಶಬ್ದ, ಎಣ್ಣೆಗೆ ಸಾಸಿವೆ ಹಾಕಿದ ಹಾಗೆ. ಹತ್ತು ನಿಮಿಷ ನುಡಿಸಿದ ಮೇಲೆ ದನಿ ತಟ್ಟನೆ ಕಾಲು ಭಾಗಕ್ಕೆ ಇಳಿಯುತ್ತದೆ, ಜೋರಾಗಿ ಒಂದು ಕಾರ್ಡ್ ಬಾರಿಸಿದರೆ ವಾಪಸ್ ಬರುತ್ತದೆ. ನಿನ್ನೆ ಆನ್ ಮಾಡಿದ ಕೂಡಲೇ ಫ್ಯೂಸ್ ಹೋಯಿತು. ಪೇಟೆಯಿಂದ ಅದೇ ಆಂಪಿಯರಿನ ಗ್ಲಾಸ್ ಫ್ಯೂಸ್ ತಂದು ಹಾಕಿದೆ, ಅದೂ ಹೋಯಿತು. ತಮ್ಮ "ತಂತಿ ಕಟ್ಟಿ ನೋಡುವ" ಅಂತಾನೆ. ನಾನು ಬೇಡ ಅಂದಿದ್ದೇನೆ.

ಇದು ನಾನು ಸಂಬಳ ಕೂಡಿಟ್ಟು ತೆಗೆದುಕೊಂಡ ಆಂಪ್. ಹಾಳು ಮಾಡಿಕೊಳ್ಳಲು ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಲಿ?


ಹೊಸೂರು ಬೆಂಚು · ಶನಿವಾರ ತಡರಾತ್ರಿ

ತಂತಿ ಕಟ್ಟಲೇಬೇಡಿ! ಬೇರೆಲ್ಲ ಆಮೇಲೆ.

ಮನೆಯ ಹಳೇ ಫ್ಯೂಸ್ ಕಟ್ಟೆಗೆ ತಂತಿ ಸುತ್ತಿ ಅಭ್ಯಾಸ ಇರುವವರಿಗೆ ಇದು ಸಣ್ಣ ವಿಷಯ ಅನ್ನಿಸುತ್ತದೆ. ಆಂಪ್‌ನಲ್ಲಿ ಫ್ಯೂಸ್ ಸುಡದಿದ್ದರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ನಾಲ್ಕು ಕಾಸಿನ ಗಾಜಿನ ಕೊಳವೆ ಉಳಿಸಲು ಹೋಗಿ ಆಂಪ್‌ನ ಅತೀ ದುಬಾರಿ ಭಾಗ ಕಳೆದುಕೊಳ್ಳುತ್ತೀರಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಎರಡು ಸಲ ಓದಿ. ಈ ಆಂಪ್ ಒಳಗೆ 300 ವೋಲ್ಟಿಗಿಂತ ಜಾಸ್ತಿ ಡಿಸಿ ಇರುತ್ತದೆ. ದೊಡ್ಡ ಆಂಪ್ ಆದರೆ 450, 500 ಕೂಡ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಆ ಚಾರ್ಜ್ ಉಳಿದುಕೊಂಡಿರುತ್ತದೆ. ಒಂದು ಸಲ ಎರಡು ದಿನ ಪ್ಲಗ್ಗೇ ಹಾಕದೆ ಇಟ್ಟಿದ್ದ ಆಂಪ್‌ಗೆ ನಾನು ಕೈ ಹಾಕಿದ್ದೆ. ಮೊಣಕೈವರೆಗೂ ಜೋಮು ಹಿಡಿದು ಅರ್ಧ ಗಂಟೆ ಬೆರಳು ಮಡಚಲು ಆಗಲಿಲ್ಲ. ಆ ಚಾರ್ಜ್ ಇಳಿಯಲು ರೆಸಿಸ್ಟರ್ ಇಟ್ಟಿರುತ್ತಾರೆ, ಅದೇ ಸುಟ್ಟು ಹೋಗಿತ್ತು. ಹಾಗಾಗಿ ಚಾಸಿ (ಒಳಗಿನ ತಗಡಿನ ಪೆಟ್ಟಿಗೆ) ಬಿಚ್ಚುವ ಮಾತು ಈಗ ಬೇಡ. ಹೊರಗಿನಿಂದಲೇ ಕಂಡುಹಿಡಿಯಬಹುದಾದದ್ದು ತುಂಬ ಇದೆ.


ಕುಂಬಳೆ ಮಾಷ್ಟ್ರು · ಭಾನುವಾರ ಬೆಳಿಗ್ಗೆ

ಹೊಸೂರಿನವರು ಹೇಳಿದ್ದು ಸರಿ. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವ. ಸಂಜೆ ಹೊತ್ತು ವಾಲ್ವ್ ರೇಡಿಯೋ ರಿಪೇರಿ ಮಾಡುತ್ತಿದ್ದೆ. ನಮಗೆ ಇದು ಟ್ಯೂಬ್ ಅಲ್ಲ, ವಾಲ್ವ್. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ಮಾಡಿದ ವಾಲ್ವುಗಳು ನಮ್ಮ ಕಡೆಯ ರೇಡಿಯೋಗಳಲ್ಲಿ ಇರುತ್ತಿದ್ದವು. ನಿಮ್ಮ ಆಂಪ್‌ನ ಇಎಲ್84 ಇದೆಯಲ್ಲ, ಅದು ಆಗಿನ ಕೆಲವು ದೊಡ್ಡ ರೇಡಿಯೋಗಳಲ್ಲಿ ಸ್ಪೀಕರ್ ಓಡಿಸುತ್ತಿದ್ದ ವಾಲ್ವೇ. ಹಾಗಾಗಿ ಗಿಟಾರ್ ಗೊತ್ತಿಲ್ಲದಿದ್ದರೂ ನಿಮ್ಮ ಪೆಟ್ಟಿಗೆ ನನಗೆ ಹೊಸತಲ್ಲ.

ಮೊದಲು ಫ್ಯೂಸಿನ ವಿಷಯ. ಹೋದ ಫ್ಯೂಸಿನ ತುದಿಯ ಲೋಹದ ಟೊಪ್ಪಿಯ ಮೇಲೆ ಬರಹ ಇರುತ್ತದೆ, ಲೆನ್ಸ್ ಹಿಡಿದು ಓದಿ. 'ಟಿ' ಅಂತ ಇದ್ದರೆ ನಿಧಾನ ಸುಡುವ ಫ್ಯೂಸ್. 'ಎಫ್' ಅಂತ ಇದ್ದರೆ ಕೂಡಲೇ ಸುಡುವಂಥದ್ದು. ಆನ್ ಮಾಡಿದ ಆ ಕ್ಷಣ ಟ್ರಾನ್ಸ್‌ಫಾರ್ಮರ್ ಒಮ್ಮೆ ಜೋರಾಗಿ ಕರೆಂಟ್ ಎಳೆಯುತ್ತದೆ, ವಾಲ್ವಿನ ಫಿಲಮೆಂಟ್ ತಣ್ಣಗಿರುವುದರಿಂದ ಅದೂ ಎಳೆಯುತ್ತದೆ. 'ಟಿ' ಅದನ್ನು ತಡೆದುಕೊಳ್ಳುತ್ತದೆ, 'ಎಫ್' ತಡೆಯುವುದಿಲ್ಲ. ಪೇಟೆಯಲ್ಲಿ ಆಂಪಿಯರ್ ಮಾತ್ರ ನೋಡಿ ಕೊಡುತ್ತಾರೆ. ನಿಮ್ಮ ಎರಡನೇ ಫ್ಯೂಸ್ ಹಾಗೇ ಹೋಗಿರಬಹುದು. ಮೊದಲನೆಯದು ಯಾಕೆ ಹೋಯಿತು ಅನ್ನುವುದು ಬೇರೆ ಪ್ರಶ್ನೆ.

ಅದಕ್ಕೆ ಸೀರೀಸ್ ಬಲ್ಬ್ ಬೇಕು, ಅಂದರೆ ಆಂಪ್‌ಗೆ ಹೋಗುವ ಕರೆಂಟ್ ಒಂದು ಬಲ್ಬಿನ ಮೂಲಕವೇ ದಾಟಿ ಹೋಗುವ ಬೋರ್ಡ್. ನಿಮ್ಮ ಊರಿನ ಎಲೆಕ್ಟ್ರಿಷಿಯನ್ ಹತ್ತಿರ ಈ ಬೋರ್ಡ್ ಇದ್ದೇ ಇರುತ್ತದೆ. 100 ವಾಟಿನ ಹಳೇ ಕಾಲದ ತಂತಿ ಬಲ್ಬ್ ಇರಬೇಕು, ಎಲ್ಇಡಿ ನಡೆಯುವುದಿಲ್ಲ. ಎರಡು ಇಎಲ್84 ತೆಗೆದಿಟ್ಟು, ಸರಿಯಾದ ಫ್ಯೂಸ್ ಹಾಕಿ, ಆ ಬೋರ್ಡಿನ ಮೂಲಕ ಆನ್ ಮಾಡಿ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಒಳ್ಳೆಯದು. ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಉಂಟು, ಅಲ್ಲಿಗೇ ನಿಲ್ಲಿಸಿ. ಮಂಕಾದರೆ ಆಫ್ ಮಾಡಿ, ಇಎಲ್84 ವಾಪಸ್ ಹಾಕಿ ಮತ್ತೆ ನೋಡಿ. ಈಗ ಪ್ರಖರವಾಗಿ ಉರಿದರೆ ತಪ್ಪು ಆ ವಾಲ್ವುಗಳದ್ದು, ಅಥವಾ ಅವುಗಳಿಗೆ ಸೇರಿದ ಭಾಗದ್ದು. ಸ್ಪೀಕರ್ ವಯರ್ ಸಿಕ್ಕಿಸಿಯೇ ಇರಲಿ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಉಳಿಯುವುದಿಲ್ಲ.

ಬಲ್ಬಿನ ಮೂಲಕ ಆನ್ ಮಾಡುವುದರಲ್ಲಿ ಇನ್ನೊಂದು ಲಾಭ ಉಂಟು. ಮೂರು ವರ್ಷ ಕರೆಂಟ್ ಕಾಣದ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಒಳಗಿನ ಪದರ ತೆಳುವಾಗಿರುತ್ತದೆ. ಒಮ್ಮೆಗೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಅದಕ್ಕೆ ಪೆಟ್ಟು. ಬಲ್ಬ್ ಇದ್ದರೆ ಸ್ವಲ್ಪ ಮೆತ್ತಗೆ ಎಬ್ಬಿಸಿದ ಹಾಗೆ ಆಗುತ್ತದೆ.


ಮುಳ್ಳೇರಿಯ ಗಿಟಾರು · ಭಾನುವಾರ ಮಧ್ಯಾಹ್ನ

ಮಾಷ್ಟ್ರೇ, ನಿಮ್ಮ ಮಾತು ಸರಿ ಆಯ್ತು. ಮೊದಲು ಹೋದದ್ದು 'ಟಿ', ನಾನು ತಂದದ್ದು 'ಎಫ್'. ನಾಳೆ ಕಾಸರಗೋಡು ಪೇಟೆಗೆ ಹೋಗಿ 'ಟಿ' ಹುಡುಕುತ್ತೇನೆ. ಎಲೆಕ್ಟ್ರಿಷಿಯನ್ ಅಣ್ಣನ ಹತ್ತಿರ ಸೀರೀಸ್ ಬೋರ್ಡ್ ಉಂಟಂತೆ.


ಅಕ್ಕಲಕೋಟೆ ಬ್ಲೂಸ್ · ಭಾನುವಾರ ಸಂಜೆ

ನಮಸ್ಕಾರ ರೀ. ನನ್ನ ಸಲಹೆ ಸರಳ, ಐದೂ ಟ್ಯೂಬ್ ಹೊಸವು ಹಾಕಿಬಿಡಿ. ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ಹಾಗೇ ನನ್ನ ಕಥೆಯೂ ಕೇಳಿ, ಯಾರಿಗಾದರೂ ಉಪಯೋಗ ಆದೀತು. ನಮ್ಮ ಅಣ್ಣ ಅಮೆರಿಕದಿಂದ ಒಂದು ಹಳೇ ಆಂಪ್ ತಂದುಕೊಟ್ಟ. ನಾನು ಖುಷಿಯಲ್ಲಿ ಹಿಂದಿನ ಬರಹ ಓದದೆ ನೇರ ನಮ್ಮ 230 ವೋಲ್ಟಿಗೆ ಹಾಕಿದೆ. ಅದು 120 ವೋಲ್ಟಿನದು. ಟಪ್ ಅಂತ ಶಬ್ದ, ಆಮೇಲೆ ಏನೂ ಇಲ್ಲ. ಪುಣ್ಯಕ್ಕೆ ಫ್ಯೂಸ್ ಬೇಗ ಸುಟ್ಟು ಟ್ರಾನ್ಸ್‌ಫಾರ್ಮರ್ ಉಳಿಯಿತು. ಈಗ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ನುಡಿಸುತ್ತೇನೆ. ಆದರೂ ಅದು ಬೇಗ ಬಿಸಿ ಆಗುತ್ತದೆ. ಅಲ್ಲಿ 60 ಹರ್ಟ್ಸ್, ನಮ್ಮಲ್ಲಿ 50. 60ಕ್ಕೆ ಅಂತಲೇ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಕಾಯುತ್ತದೆ ಅಂತ ಆಮೇಲೆ ತಿಳಿಯಿತು. ನಮ್ಮ ಕಡೆ ಮೇ ತಿಂಗಳ ಸೆಕೆಯಲ್ಲಿ ಹಗಲು ಅದನ್ನು ಮುಟ್ಟುವುದೇ ಇಲ್ಲ, ರಾತ್ರಿಯೇ ನುಡಿಸುವುದು.


ಕುಂಬಳೆ ಮಾಷ್ಟ್ರು · ಭಾನುವಾರ ರಾತ್ರಿ

ಅಕ್ಕಲಕೋಟೆಯವರೇ, ಐದೂ ಬದಲಿಸುವುದು ನನಗೆ ಒಪ್ಪಿಗೆ ಇಲ್ಲ, ಬೇಸರ ಮಾಡಬೇಡಿ. ಸಣ್ಣ ವಾಲ್ವುಗಳು ವರ್ಷಗಟ್ಟಲೆ ಬಾಳುತ್ತವೆ. ತಪ್ಪು ಬೇರೆ ಎಲ್ಲೋ ಇದ್ದರೆ ಹೊಸ ವಾಲ್ವೂ ಹಾಳಾಗುತ್ತದೆ, ದುಡ್ಡೂ ಹೋಗುತ್ತದೆ. ಮೊದಲು ಕಿವಿ ಕೊಟ್ಟು ಕೇಳಬೇಕು. ಆಂಪ್ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ, ಅದು ನನಗೆ ರೇಡಿಯೋ ಕಾಲದಿಂದಲೂ ಗೊತ್ತು.

ಗುಂಯ್‌ನಲ್ಲಿ ಎರಡು ಜಾತಿ. ಒಂದು 50 ಹರ್ಟ್ಸಿನದು, ಇನ್ನೊಂದು 100 ಹರ್ಟ್ಸಿನದು. ನಮ್ಮ ಕರೆಂಟ್ 50 ಹರ್ಟ್ಸ್. ಅದನ್ನು ಡಿಸಿ ಮಾಡುವಾಗ ಎರಡೂ ಅರ್ಧ ಅಲೆಗಳನ್ನು ಬಳಸುವುದರಿಂದ ಉಳಿಯುವ ಅಲುಗಾಟ 100 ಹರ್ಟ್ಸ್ ಆಗುತ್ತದೆ. ಆ ಅಲುಗಾಟ ಹೀರಿಕೊಳ್ಳುವುದು ಫಿಲ್ಟರ್ ಕೆಪಾಸಿಟರ್‌ಗಳ ಕೆಲಸ. ಅವು ಒಣಗಿದರೆ 100 ಹರ್ಟ್ಸಿನ ಗುಂಯ್ ಸ್ಪೀಕರಿಗೆ ಬರುತ್ತದೆ. 50ರದ್ದು ಬಂದರೆ ಅರ್ಥಿಂಗ್, ಕೇಬಲ್, ಫಿಲಮೆಂಟ್ ವಯರಿಂಗ್, ಗಿಟಾರಿನ ಪಿಕಪ್, ಈ ಕಡೆ ಹುಡುಕಬೇಕು.

ಮೀಟರ್ ಇಲ್ಲದೆ ಇವೆರಡನ್ನು ಬೇರೆ ಮಾಡುವುದು ಹೇಗೆ ಅಂತ ಗಿಟಾರ್ ನುಡಿಸುವವರು ಯಾರಾದರೂ ಹೇಳಿ, ನನಗೆ ರಾಗದ ಜ್ಞಾನ ಕಡಿಮೆ.


ಮಂಜೇಶ್ವರ ಕಡಲು · ಭಾನುವಾರ ರಾತ್ರಿ

ಅದು ನಾನು ಹೇಳ್ತೇನೆ ಮಾಷ್ಟ್ರೇ. ಗಿಟಾರಿನ ದಪ್ಪ ತಂತಿ, ಆರನೆಯದು, ಮೂರನೇ ಫ್ರೆಟ್ ಒತ್ತಿ ಬಾರಿಸಿ. ಅದು ಜಿ, 98 ಹರ್ಟ್ಸ್. ಗುಂಯ್ ಆ ಸ್ವರಕ್ಕೆ ಕೂಡಿದರೆ 100ರದ್ದು. ಅದಕ್ಕಿಂತ ಒಂದು ಪೂರ್ತಿ ಸ್ಥಾಯಿ ಕೆಳಗೆ, ಬೇಸ್ ಗಿಟಾರಿನ ದಪ್ಪ ತಂತಿಯ ಮೂರನೇ ಫ್ರೆಟ್ಟಿನ ಹಾಗೆ ಕೇಳಿದರೆ 50ರದ್ದು. ಅಮೆರಿಕದ ವಿಡಿಯೋಗಳಲ್ಲಿ ಬೇರೆ ಸ್ವರ ಹೇಳುತ್ತಾರೆ, ಅವರದ್ದು 60 ಮತ್ತು 120. ನಾನು ಮೊದಲು ಅದನ್ನು ನಂಬಿ ಗೊಂದಲ ಮಾಡಿಕೊಂಡಿದ್ದೆ.

ದನಿ ಇಳಿದು ವಾಪಸ್ ಬರುವ ವಿಷಯ. ತಮ್ಮ, ನಿಮ್ಮ ಆಂಪ್ ಹಿಂದೆ ಎಫೆಕ್ಟ್ಸ್ ಲೂಪ್ (ಹೊರಗಿನ ಎಫೆಕ್ಟ್ ಪೆಟ್ಟಿಗೆ ಸೇರಿಸುವ ಜಾಗ) ಉಂಟಾ? ಸೆಂಡ್, ರಿಟರ್ನ್ ಅಂತ ಎರಡು ಜಾಕ್? ಇದ್ದರೆ ಒಂದು ಗಿಡ್ಡ ಕೇಬಲ್ ತೆಗೆದುಕೊಂಡು ಸೆಂಡಿನಿಂದ ರಿಟರ್ನಿಗೆ ಸಿಕ್ಕಿಸಿ ನುಡಿಸಿ ನೋಡಿ. ರಿಟರ್ನ್ ಜಾಕಿನೊಳಗೆ ಒಂದು ಪುಟ್ಟ ತಗಡಿನ ನಾಲಿಗೆ ಇರುತ್ತದೆ. ಏನೂ ಸಿಕ್ಕಿಸದಿದ್ದಾಗ ಸಿಗ್ನಲ್ ದಾಟುವುದು ಅದರ ಮೂಲಕವೇ. ವರ್ಷಗಟ್ಟಲೆ ಬಳಸದಿದ್ದರೆ ಅದಕ್ಕೆ ಕಿಲುಬು ಹಿಡಿಯುತ್ತದೆ. ನಮ್ಮ ಮನೆ ಕಡಲಿಗೆ ಹತ್ತಿರ, ಉಪ್ಪುಗಾಳಿಗೆ ಎರಡು ವರ್ಷಕ್ಕೊಮ್ಮೆ ಇದೇ ಕಾಟ. ಜೋರಾಗಿ ಬಾರಿಸಿದಾಗ ದನಿ ವಾಪಸ್ ಬಂತು ಅಂದಿರಲ್ಲ, ಅದನ್ನು ಓದಿದ ಕೂಡಲೇ ನನಗೆ ಅನ್ನಿಸಿದ್ದು ಇದೇ.


ಮುಳ್ಳೇರಿಯ ಗಿಟಾರು · ಮಂಗಳವಾರ ರಾತ್ರಿ

ಬಂದೆ, ಬಂದೆ. ತುಂಬ ಹೇಳಲಿಕ್ಕೆ ಉಂಟು.

'ಟಿ' ಫ್ಯೂಸ್ ಸಿಕ್ಕಿತು. ಐದು ತಂದಿಟ್ಟಿದ್ದೇನೆ. ಎಲೆಕ್ಟ್ರಿಷಿಯನ್ ಅಣ್ಣ ಬೋರ್ಡ್ ತಂದರು. ಇಎಲ್84 ಇಲ್ಲದೆ ಆನ್ ಮಾಡಿದಾಗ ಬಲ್ಬ್ ಮಿಂಚಿ ಮಂಕಾಯಿತು. ಅವೆರಡು ಹಾಕಿದ ಮೇಲೆ ಸ್ವಲ್ಪ ಜಾಸ್ತಿ ಉರಿಯಿತು, ಕೆಂಡದ ಹಾಗೆ ಕೆಂಪಗೆ, ಅಷ್ಟೇ. ಶಾರ್ಟ್ ಇಲ್ಲ ಅಂತ ಲೆಕ್ಕ. ಅರ್ಧ ಗಂಟೆ ಹಾಗೇ ಬಿಟ್ಟು, ಆಮೇಲೆ ನೇರ ಕರೆಂಟಿಗೆ ಹಾಕಿದೆವು. ಫ್ಯೂಸ್ ನಿಂತಿತು. ಕತ್ತಲು ಮಾಡಿ ಟ್ಯೂಬುಗಳನ್ನೂ ನೋಡಿದೆ. ನಡುವಿನ ಫಿಲಮೆಂಟ್ ಮಾತ್ರ ಕಿತ್ತಳೆ ಬಣ್ಣ, ಬೇರೆ ಏನೂ ಕೆಂಪಾಗಲಿಲ್ಲ.

ಮಂಜೇಶ್ವರದ ಅಕ್ಕಾ, ಲೂಪಿಗೆ ಕೇಬಲ್ ಹಾಕಿದ ಮೇಲೆ ಒಂದೂವರೆ ಗಂಟೆ ನುಡಿಸಿದೆ. ದನಿ ಒಂದು ಸಲವೂ ಇಳಿಯಲಿಲ್ಲ. ಗಲ್ಫಿನಿಂದ ಬಂದ ಮೇಲೆ ಇಷ್ಟು ಹೊತ್ತು ನುಡಿಸಿದ್ದು ಇದೇ ಮೊದಲು. ಕಣ್ಣಲ್ಲಿ ನೀರು ಬಂತು, ನಿಜವಾಗಿ.

ಸ್ವರ ನೋಡಿದೆ. ವಾಲ್ಯೂಮ್ ಸೊನ್ನೆಯಲ್ಲಿ ಬರುವುದು ಜಿ, ಸರಿಯಾಗಿ ಮೂರನೇ ಫ್ರೆಟ್ಟಿಗೆ ಕೂಡುತ್ತದೆ. ವಾಲ್ಯೂಮ್ ಏರಿಸಿದಾಗ ಬಂದು ಸೇರುವುದು ಅದಕ್ಕಿಂತ ಕೆಳಗಿನದು. ಅಂದರೆ ಎರಡು ಬೇರೆ ಬೇರೆ ತೊಂದರೆ, ಅಲ್ವಾ? ಚರಚರ ಹಾಗೇ ಉಂಟು.


ಹೊಸೂರು ಬೆಂಚು · ಮಂಗಳವಾರ ತಡರಾತ್ರಿ

ಕತ್ತಲು ಮಾಡಿ ನೋಡಿದ್ದು ಒಳ್ಳೆಯ ಕೆಲಸ. ಓದುವ ಬೇರೆಯವರಿಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ. ದೊಡ್ಡ ಟ್ಯೂಬಿನ ಫಿಲಮೆಂಟ್ ಕಿತ್ತಳೆಯಾಗಿ ಹೊಳೆಯುವುದು ಸಹಜ. ಗಾಜಿಗೆ ತಾಗಿ ನೀಲಿ ಛಾಯೆ ಕಂಡರೂ ಸಾಮಾನ್ಯವಾಗಿ ಹೆದರಬೇಕಿಲ್ಲ. ಆದರೆ ಹೊರಗಿನ ಬೂದು ಬಣ್ಣದ ತಗಡೇ ಕೆಂಪಾದರೆ ತಕ್ಷಣ ಆಫ್ ಮಾಡಿ, ಒಂದು ಹಾಡು ಮುಗಿಯಲಿ ಅಂತ ಕಾಯಬೇಡಿ. ಟ್ಯೂಬಿನ ಕರೆಂಟನ್ನು ಹಿಡಿತದಲ್ಲಿಡುವ ವೋಲ್ಟೇಜ್, ಅಂದರೆ ಬಯಾಸ್, ಹೋಗಿರುತ್ತದೆ, ಇಲ್ಲವೇ ಹಿಂದಿನ ಹಂತದ ಕೆಪಾಸಿಟರ್ ಸೋರಿ ಟ್ಯೂಬಿನ ಗ್ರಿಡ್‌ಗೆ ಡಿಸಿ ನುಗ್ಗಿರುತ್ತದೆ. ಅದು ಹೊಸ ಟ್ಯೂಬ್ ಹಾಕಿದರೆ ಸರಿಯಾಗುವ ಕಾಯಿಲೆ ಅಲ್ಲ.

ಚರಚರಕ್ಕೆ ಹೀಗೆ ಮಾಡಿ. ಆಫ್ ಮಾಡಿ, ಹದಿನೈದು ನಿಮಿಷ ತಣಿಯಲು ಬಿಡಿ. ಗಿಟಾರ್ ಸಿಕ್ಕಿಸುವ ಜಾಕಿಗೆ ಹತ್ತಿರದ ಸಣ್ಣ ಟ್ಯೂಬ್ ತೆಗೆಯಿರಿ. ಅದೇ ಮೊದಲನೆಯದು. ಮೇಲಿನ ತಗಡಿನ ಟೊಪ್ಪಿ ಒತ್ತಿ ತಿರುಗಿಸಿದರೆ ಬರುತ್ತದೆ. ಟ್ಯೂಬನ್ನು ನೇರ ಮೇಲೆ ಎಳೆಯಿರಿ, ಅಲ್ಲಾಡಿಸಿದರೂ ತುಂಬ ಸಣ್ಣಕ್ಕೆ. ಅದಿಲ್ಲದೆ ಆನ್ ಮಾಡಿ. ಚರಚರ ನಿಂತರೆ ತೊಂದರೆ ಆ ಹಂತದಲ್ಲೇ ಇದೆ. ನಿಲ್ಲದಿದ್ದರೆ ಎರಡನೆಯದು ತೆಗೆದು ನೋಡಿ. ದೊಡ್ಡ ಟ್ಯೂಬಿಗೆ ಹತ್ತಿರದ್ದು ಫೇಸ್ ಇನ್ವರ್ಟರ್ (ಎರಡು ದೊಡ್ಡ ಟ್ಯೂಬಿಗೂ ಸಿಗ್ನಲ್ ಹಂಚುವುದು), ಅದು ಕೊನೆಗೆ. ಕೆಲವು ಆಂಪ್‌ಗಳಲ್ಲಿ ಸಣ್ಣ ಟ್ಯೂಬುಗಳ ಫಿಲಮೆಂಟ್ ಸರಪಳಿಯ ಹಾಗೆ ಜೋಡಿಸಿರುತ್ತಾರೆ, ಒಂದು ತೆಗೆದರೆ ಉಳಿದವೂ ಆರುತ್ತವೆ. ಹಾಗೇನಾದರೂ ಆದರೆ ಈ ಪರೀಕ್ಷೆ ನಡೆಯುವುದಿಲ್ಲ, ಅದಲು ಬದಲು ಮಾಡಿಯೇ ನೋಡಬೇಕು.

ಮೊದಲನೆಯದನ್ನೂ ಎರಡನೆಯದನ್ನೂ ಅದಲು ಬದಲು ಮಾಡಿ. ಚರಚರ ಟ್ಯೂಬಿನ ಜೊತೆ ಹೋದರೆ ಟ್ಯೂಬ್ ಕೆಟ್ಟಿದೆ. ಹೋಗದೆ ಅಲ್ಲೇ ಉಳಿದರೆ ಸಾಕೆಟ್ ಅಥವಾ ಒಳಗಿನ ರೆಸಿಸ್ಟರ್. ಆನ್ ಇರುವಾಗ ಪೆನ್ಸಿಲ್ ಹಿಂಬದಿಯಿಂದ ಮೆಲ್ಲಗೆ ತಟ್ಟಿಯೂ ನೋಡಿ. ತಟ್ಟಿದಾಗ ಗಂಟೆ ಹೊಡೆದ ಹಾಗೆ ಟಿಂಯ್ ಅಂದು ಉಳಿದುಕೊಂಡರೆ ಆ ಟ್ಯೂಬ್ ಮೈಕ್ರೋಫೋನಿಕ್ ಆಗಿದೆ, ಅಂದರೆ ಅಲುಗಾಟವನ್ನೇ ಮೈಕಿನ ಹಾಗೆ ಹಿಡಿಯುತ್ತಿದೆ. ಸ್ವಲ್ಪ ಟಕ್ ಟಕ್ ಕೇಳುವುದು ಎಲ್ಲದರಲ್ಲೂ ಇದೆ.


ಕುಂಬಳೆ ಮಾಷ್ಟ್ರು · ಬುಧವಾರ ಬೆಳಿಗ್ಗೆ

ಕೆಳಗಿನ ಗುಂಯ್ ವಿಷಯಕ್ಕೆ ನಿಮ್ಮ ಎಲೆಕ್ಟ್ರಿಷಿಯನ್ ಕೈಯಲ್ಲೇ ಒಂದು ಅಳತೆ ಮಾಡಿಸಿ. ಆಂಪ್ ಹಾಕುವ ಪ್ಲಗ್ ಪಾಯಿಂಟಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎಷ್ಟು ವೋಲ್ಟ್ ಬರುತ್ತದೆ? ಎರಡು ಮೂರು ವೋಲ್ಟ್ ಆದರೆ ಸರಿ. ಜಾಸ್ತಿ ಬಂದರೆ ಅರ್ಥಿಂಗ್ ಕೆಟ್ಟಿರುವ ಸಂಭವ ಹೆಚ್ಚು. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಅರ್ಥ್ ಚೆನ್ನಾಗಿರುತ್ತದೆ, ಏಪ್ರಿಲ್ ಮೇ ಬಂತೆಂದರೆ ಅರ್ಥ್ ಹೊಂಡ ಒಣಗಿ ಕಲ್ಲಾಗುತ್ತದೆ. ಸಂಜೆ ಹೊತ್ತು ಲೈನ್ ವೋಲ್ಟೇಜೂ ನೋಡಲಿಕ್ಕೆ ಹೇಳಿ. ತೋಟದವರೆಲ್ಲ ಅಡಿಕೆಗೆ ನೀರು ಬಿಡಲು ಪಂಪ್ ಹಾಕುವ ಕಾಲ ಇದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಗುಂಯ್ ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರನ್ನು ನೋಡಿದ್ದೇನೆ. ಪಾಯಿಂಟಿನ ಒಳಗೇ ನ್ಯೂಟ್ರಲ್ಲಿಗೂ ಅರ್ಥಿಗೂ ತಂತಿ ಕೂಡಿಸುವವರನ್ನೂ ನೋಡಿದ್ದೇನೆ. ಎರಡೂ ಜೀವಕ್ಕೆ ಅಪಾಯ. ಹಾಗೆ ತಂತಿ ಕೂಡಿಸಿದ ಮೇಲೆ ನ್ಯೂಟ್ರಲ್ ಎಲ್ಲಿಯಾದರೂ ಕಡಿದರೆ ಆಂಪ್ ಚಾಸಿ, ಗಿಟಾರ್ ತಂತಿ, ನಿಮ್ಮ ಕೈ, ಎಲ್ಲಕ್ಕೂ 230 ವೋಲ್ಟ್ ಬರುತ್ತದೆ. ಎದುರಿಗೆ ಮೈಕ್ ಇದ್ದರೆ ತುಟಿಯಿಂದ ಹೊಡೆಯುತ್ತದೆ.


ಮಂಜೇಶ್ವರ ಕಡಲು · ಬುಧವಾರ ಮಧ್ಯಾಹ್ನ

ಮಾಷ್ಟ್ರು ಹೇಳಿದ ಮೈಕಿನ ಮಾತು ನಿಜ. ನಾವು ಇಗರ್ಜಿಯ ಅಂಗಳದಲ್ಲಿ ಹಬ್ಬಕ್ಕೆ ನುಡಿಸುವಾಗ ನನಗೆ ಮೈಕಿನಿಂದ ಶಾಕ್ ಹೊಡೆದಿತ್ತು. ಮಿಕ್ಸರ್ ಒಂದು ಕಡೆಯ ಕರೆಂಟ್, ಆಂಪ್ ಇನ್ನೊಂದು ಕಡೆಯದ್ದು. ಆವತ್ತಿನಿಂದ ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕುತ್ತೇವೆ, ಶುರು ಮಾಡುವ ಮುಂಚೆ ಟೆಸ್ಟರ್ ಹಿಡಿದು ಮೈಕ್ ನೋಡುತ್ತೇವೆ.


ತಾಳವಾಡಿ ಬೆಟ್ಟ · ಬುಧವಾರ ರಾತ್ರಿ

ಎಲ್ಲರ ಮಾತು ಓದಿ ನನಗೂ ಧೈರ್ಯ ಬಂತು, ನನ್ನದೂ ಒಂದು ಕೇಳಿಬಿಡುತ್ತೇನೆ ಅಣ್ಣ. ನಮ್ಮದು ಕಾಡಿನ ಅಂಚಿನ ಊರು. ನನ್ನ ಆಂಪ್‌ನಲ್ಲಿ ಗುಂಯ್ ಇಲ್ಲ, ಚರಚರ ಇಲ್ಲ. ಟಕ್, ಟಕ್, ಟಕ್ ಅಂತ ಗಡಿಯಾರದ ಹಾಗೆ ಬರುತ್ತದೆ. ಸೆಕೆಂಡಿಗೆ ಒಂದರ ಲೆಕ್ಕ. ಹಗಲು ಬರುವುದಿಲ್ಲ, ಸಂಜೆ ಆರರ ಮೇಲೆ ಮಾತ್ರ. ಎರಡು ಟ್ಯೂಬ್ ಬದಲಿಸಿದೆ, ಹೋಗಲಿಲ್ಲ. ಏನಿರಬಹುದು?


ಹೊಸೂರು ಬೆಂಚು · ಬುಧವಾರ ರಾತ್ರಿ

ತಾಳವಾಡಿಯವರೇ, ನಿಮ್ಮ ಜಮೀನಿಗೆ ಆನೆ, ಹಂದಿ ಬರದ ಹಾಗೆ ಸೋಲಾರ್ ಬೇಲಿ ಹಾಕಿದ್ದೀರಾ? ಆ ಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಮ್ಮೆ ತಂತಿಗೆ ಹೊಡೆತ ಕೊಡುತ್ತದೆ. ನೀವು ಅದನ್ನು ಸಂಜೆ ಆನ್ ಮಾಡುತ್ತಿದ್ದರೆ ಉತ್ತರ ಅದೇ. ಟ್ಯೂಬಿನ ತಪ್ಪಿಲ್ಲ. ಬೇಲಿಯ ಅರ್ಥ್ ಸಲಾಕೆ ಮನೆಯ ಅರ್ಥ್‌ಗೆ ಎಷ್ಟು ಹತ್ತಿರ ಇದೆ ನೋಡಿ. ಕನಿಷ್ಠ 10 ಮೀಟರ್ ದೂರ ಇರಬೇಕು. ಬೇಲಿ ತಂತಿಗೆ ಹಸಿ ಹುಲ್ಲು ತಾಗಿ ಕಿಡಿ ಹಾರುತ್ತಿದ್ದರೂ ಟಕ್ ಜೋರಾಗುತ್ತದೆ.


ತಾಳವಾಡಿ ಬೆಟ್ಟ · ಬುಧವಾರ ರಾತ್ರಿ

ಅಯ್ಯೋ ಅಣ್ಣ, ಹೌದು! ಸಂಜೆ ಆರಕ್ಕೆ ಅಪ್ಪ ಬೇಲಿ ಆನ್ ಮಾಡುತ್ತಾರೆ. ಎರಡರ ಸಲಾಕೆಯೂ ಮನೆ ಹಿಂದೆ ಒಂದೇ ಕಡೆ ಇದೆ, ಮೂರು ಹೆಜ್ಜೆ ಅಂತರ. ಇಷ್ಟು ದಿನ ಇದು ಹೊಳೆಯಲೇ ಇಲ್ಲ.


ಮುಳ್ಳೇರಿಯ ಗಿಟಾರು · ಭಾನುವಾರ ಸಂಜೆ

ಈ ವಾರದ ಲೆಕ್ಕ.

ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ 38 ವೋಲ್ಟ್! ಎಲೆಕ್ಟ್ರಿಷಿಯನ್ ಅಣ್ಣನಿಗೇ ಗಾಬರಿ. ಮನೆ ಕಟ್ಟಿದಾಗ ಹಾಕಿದ ಅರ್ಥ್ ತಂತಿ ತುಕ್ಕು ಹಿಡಿದು ಪೈಪಿನ ಹತ್ತಿರ ತುಂಡಾಗಿತ್ತು. ಎರಡು ದಿನ ಮುರ ಅಗೆದು ಹೊಸ ಹೊಂಡ ಮಾಡಿದೆವು, ಇದ್ದಿಲು, ಉಪ್ಪು, ಹೊಸ ಪೈಪ್, ಹೊಸ ತಂತಿ. ಈಗ 2 ವೋಲ್ಟಿಗಿಂತ ಕಡಿಮೆ. ಮೂರು ದಿನಕ್ಕೊಮ್ಮೆ ಎರಡು ಕೊಡ ನೀರು ಹಾಕುತ್ತಿದ್ದೇನೆ. ಕೆಳಗಿನ ಗುಂಯ್ ಹೋಯಿತು. ಆಂಪ್ ಬಿಡಿ, ಅಮ್ಮನಿಗೆ ಫ್ರಿಜ್ ಮುಟ್ಟಿದಾಗ ಜುಮ್ ಅನ್ನುತ್ತಿದ್ದದ್ದೂ ನಿಂತಿತು. ಅಷ್ಟು ವರ್ಷ ಅಮ್ಮ ಚಪ್ಪಲಿ ಹಾಕಿಕೊಂಡು ಫ್ರಿಜ್ ತೆಗೆಯುತ್ತಿದ್ದರು, ನನಗೆ ಹೇಳಿಯೇ ಇರಲಿಲ್ಲ.

ಸಂಜೆ ಏಳಕ್ಕೆ ಲೈನ್ ವೋಲ್ಟೇಜ್ 190. ಇದಕ್ಕೆ ಏನು ಮಾಡಲಿ?

ಚರಚರ ಟ್ಯೂಬಿನ ಜೊತೆ ಹೋಗಲಿಲ್ಲ, ಮೊದಲ ಸಾಕೆಟ್ಟಿನಲ್ಲೇ ಉಳಿಯಿತು. ಟ್ಯೂಬ್ ಪಿನ್ನುಗಳು ಕಪ್ಪಾಗಿದ್ದವು. ಕಾಂಟ್ಯಾಕ್ಟ್ ಕ್ಲೀನರ್ ಟ್ಯೂಬಿನ ಪಿನ್ನಿಗೇ ಹಾಕಿ ಏಳೆಂಟು ಸಲ ಸಾಕೆಟ್ಟಿಗೆ ಹಾಕಿ ತೆಗೆದೆ. ಮುಕ್ಕಾಲು ಪಾಲು ಕಡಿಮೆ ಆಯಿತು. ಚೆನ್ನಾಗಿ ಬಿಸಿಯಾದ ಮೇಲೆ ಸ್ವಲ್ಪ ಈಗಲೂ ಬರುತ್ತದೆ. ಲೂಪ್ ಜಾಕಿಗೂ ಹಾಗೇ ಮಾಡಿದೆ, ಈಗ ಕೇಬಲ್ ಬೇಡ.

ಮೇಲಿನ ಗುಂಯ್ ಮಾತ್ರ ಹಾಗೇ ಉಂಟು. ಫಿಲ್ಟರ್ ಕೆಪಾಸಿಟರ್ ನಾನೇ ಬದಲಿಸಬಹುದಾ? ಸೋಲ್ಡರಿಂಗ್ ಬರುತ್ತದೆ.


ಹೊಸೂರು ಬೆಂಚು · ಭಾನುವಾರ ರಾತ್ರಿ

ಬೇಡ. ನಿಮಗೆ ಬರುವುದಿಲ್ಲ ಅಂತ ಅಲ್ಲ. ಮೊದಲ ಸಲ ಪಕ್ಕದಲ್ಲಿ ಗೊತ್ತಿದ್ದವರು ಇರಬೇಕು. ಬಿಚ್ಚಿದ ಮೇಲೆ ಕೆಪಾಸಿಟರ್‌ಗೆ ಹತ್ತು ಸಾವಿರ ಓಮ್, ಐದು ವಾಟಿನ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್ಪಿನಲ್ಲಿ ಹಿಡಿದು ಚಾರ್ಜ್ ಇಳಿಸಬೇಕು. ಇಳಿದಿದೆ ಅಂತ ಮೀಟರಿನಲ್ಲಿ ಕಣ್ಣಾರೆ ನೋಡಬೇಕು. ಸ್ವಲ್ಪ ಹೊತ್ತಿನ ಮೇಲೆ ಅದೇ ಕೆಪಾಸಿಟರ್ ಮತ್ತೆ ಸ್ವಲ್ಪ ಏರಿಸಿಕೊಳ್ಳುತ್ತದೆ, ಆಗ ಇನ್ನೊಮ್ಮೆ. ಎಡಗೈ ಜೇಬಿನಲ್ಲಿ ಇರಲಿ, ಶಾಕ್ ಹೊಡೆದರೂ ಎದೆಯ ಮೂಲಕ ಹಾಯಬಾರದು. ಪೋಲಾರಿಟಿ ತಿರುಗಿಸಿ ಹಾಕಿದರೆ ಸಿಡಿಯುತ್ತದೆ. ಮಂಗಳೂರಿನಲ್ಲಿ ಹಳೇ ಆಂಪ್ಲಿಫೈಯರ್ ಕೆಲಸ ಮಾಡುವವರು ಸಿಗುತ್ತಾರೆ, ಅವರ ಹತ್ತಿರ ಒಯ್ಯಿರಿ. ಕೂತು ನೋಡಲು ಬಿಡುತ್ತಾರಾ ಕೇಳಿ. ಬಿಸಿಯಾದ ಮೇಲೆ ಬರುವ ಚರಚರಕ್ಕೆ ಮೊದಲ ಹಂತದ ಪ್ಲೇಟ್ ರೆಸಿಸ್ಟರ್ (ಟ್ಯೂಬಿನ ಪ್ಲೇಟಿಗೆ ಕರೆಂಟ್ ಕೊಡುವ ರೆಸಿಸ್ಟರ್) ಕೂಡ ಬದಲಿಸಲು ಹೇಳಿ, ಸಾಮಾನ್ಯವಾಗಿ ಒಂದು ಲಕ್ಷ ಓಮ್ ಇರುತ್ತದೆ.


ಕುಂಬಳೆ ಮಾಷ್ಟ್ರು · ಸೋಮವಾರ ಬೆಳಿಗ್ಗೆ

190 ವೋಲ್ಟಿನ ಲೆಕ್ಕ ನೋಡಿ. ಫಿಲಮೆಂಟಿಗೆ 6.3 ವೋಲ್ಟ್ ಬೇಕು. 230ಕ್ಕೆ 6.3 ಆದರೆ 190ಕ್ಕೆ 5.2 ಆಗುತ್ತದೆ. ನೂರಕ್ಕೆ ಹತ್ತು ಕಡಿಮೆಯಾದರೆ ವಾಲ್ವ್ ತಡೆದುಕೊಳ್ಳುತ್ತದೆ, ಅಂದರೆ ಲೈನಿನಲ್ಲಿ 207ರ ತನಕ. ಅದಕ್ಕಿಂತ ಕೆಳಗೆ ದಿನಾ ಓಡಿಸಬೇಡಿ. ದನಿಯೂ ಸೊರಗುತ್ತದೆ. ಒಂದು 500 ವಿಎ ಸ್ಟೆಬಿಲೈಸರ್ ಸಾಕು. ಮನೆಯ ಇನ್ವರ್ಟರಿನಲ್ಲಿ ಮಾತ್ರ ನುಡಿಸಬೇಡಿ, ಚೌಕ ಅಲೆಯ ಇನ್ವರ್ಟರ್ ಆದರೆ ಆಂಪ್ ಜೇನುಗೂಡಿನ ಹಾಗೆ ಕೂಗುತ್ತದೆ.

ಪ್ಲಾಸ್ಟಿಕ್ ಇನ್ನು ಬೇಡ. ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಹತ್ತಿ ಬಟ್ಟೆ ಹೊದೆಸಿ, ಗೋಡೆಯಿಂದ ಒಂದು ಅಡಿ ದೂರ, ಮಣೆಯ ಮೇಲೆ ಇಡಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ, ಅದರ ಬಿಸಿಗೇ ಅದು ಒಣಗುತ್ತದೆ. ಗುಡುಗು ಕೇಳಿದರೆ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.


ಮುಳ್ಳೇರಿಯ ಗಿಟಾರು · ಜೂನ್, ಗುರುವಾರ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮಂಗಳೂರಿಗೆ ಒಯ್ದೆ. ಅವರು ಪಕ್ಕದಲ್ಲಿ ಕೂರಿಸಿಕೊಂಡೇ ಕೆಲಸ ಮಾಡಿದರು. ಮೂರು ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಎರಡರ ತಲೆ ಉಬ್ಬಿತ್ತು. ಚಾಸಿಯ ಮೂಲೆಯಲ್ಲಿ ಕಣಜ ಕಟ್ಟಿದ ಮಣ್ಣಿನ ಗೂಡು, ಒಂದು ಒಣಗಿದ ಹಲ್ಲಿ. ಆ ಹಲ್ಲಿ ಇದ್ದದ್ದು ಇಎಲ್84 ಸಾಕೆಟ್ಟಿನ ಪಕ್ಕದಲ್ಲೇ, ಮೈ ಸುಟ್ಟು ಕಪ್ಪಾಗಿತ್ತು. ಮೊದಲ ಫ್ಯೂಸ್ ಹೋದದ್ದು ಅದರಿಂದಲೇ ಇರಬೇಕು ಅಂದರು. ಪ್ಲೇಟ್ ರೆಸಿಸ್ಟರೂ ಬದಲಾಯಿತು. ಐದು ಟ್ಯೂಬೂ ಹಳೆಯವೇ, ಮೀಟರಿನಲ್ಲಿ ನೋಡಿ ಚೆನ್ನಾಗಿವೆ ಅಂದರು.

ಮನೆಗೆ ತಂದು ಆನ್ ಮಾಡಿದೆ. ವಾಲ್ಯೂಮ್ ಸೊನ್ನೆ. ಕಿವಿ ಸ್ಪೀಕರಿಗೆ ತಾಗಿಸಿದರೆ ಮಾತ್ರ ಸಣ್ಣ ಸುಯ್ ಕೇಳುತ್ತದೆ. ಅಮ್ಮ ಬಂದು "ಆನ್ ಆಗಿದೆಯಾ?" ಅಂತ ಕೇಳಿದರು.

ಹೊರಗೆ ಮಳೆ ಹಿಡಿದಿದೆ, ಗುಡುಗು ಇಲ್ಲ. ವಾಲ್ಯೂಮ್ ನಾಲ್ಕರಲ್ಲಿಟ್ಟು ರಾತ್ರಿ ಹನ್ನೊಂದರವರೆಗೆ ನುಡಿಸಿದೆ.


ತಾಳವಾಡಿ ಬೆಟ್ಟ · ಜೂನ್, ಗುರುವಾರ ರಾತ್ರಿ

ತುಂಬ ಖುಷಿ ಆಯ್ತು ಅಣ್ಣ. ನನ್ನದೂ ಹೇಳುತ್ತೇನೆ. ಬೇಲಿಯ ಸಲಾಕೆ ಕಿತ್ತು ಹೊಲದ ಆ ತುದಿಗೆ, 25 ಮೀಟರ್ ದೂರ ಹಾಕಿದೆವು. ಟಕ್ ಟಕ್ ಹೋಯ್ತು. ಸಿಂಗಲ್ ಕಾಯಿಲ್ ಪಿಕಪ್ (ಹೊರಗಿನ ಗದ್ದಲ ಬೇಗ ಹಿಡಿಯುವ ಜಾತಿಯದು) ಹಾಕಿ ಬೇಲಿಯ ಕಡೆ ಮುಖ ಮಾಡಿ ಕೂತರೆ ಮಾತ್ರ ಚೂರು ಬರುತ್ತದೆ, ಹಾಗಾಗಿ ಈಗ ಬಾಗಿಲ ಕಡೆ ತಿರುಗಿ ಕೂರುತ್ತೇನೆ.